ಬೆಳುವಾಯಿಯಾಚೆಯ ಕಲ್ಲುತೊಟ್ಟಿ

ಬಂಟ್ವಾಳದಿಂದ ಬೆಳುವಾಯಿಯವರೆಗೆ ಹೋಗಿಬಂದದ್ದನ್ನು ಪ್ರವಾಸವೆಂದು ಬರೆಯುವವನಿಗೆ ನಮ್ಮೂರಿನಲ್ಲಿ ಮರ್ಯಾದೆ ಕಡಿಮೆ. ಕಾಶಿಗೆ ಹೋಗಿರಬೇಕು, ಇಲ್ಲವೇ ದುಬೈಗೆ. ಆದರೂ ಬರೆಯುತ್ತೇನೆ. ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಹೊರಟೆ. ಆಟಿಯಲ್ಲಿ ತುಳುವರು ಶುಭಕಾರ್ಯಕ್ಕೆ ಹೊರಡುವುದಿಲ್ಲ; ನನ್ನದು ಶುಭಕಾರ್ಯವಲ್ಲವಾದ್ದರಿಂದ ಶಾಸ್ತ್ರದ ಅಡ್ಡಿಯಿರಲಿಲ್ಲ. ಹೇಳಿ ಹೊರಡಲು ಮನೆಯಲ್ಲಿ ಬೆಕ್ಕು ಮಾತ್ರ ಇತ್ತು. ಹೇಳಿದೆ. ಅದು ಮಗ್ಗುಲು ಬದಲಿಸಿತು. ಪ್ರಯಾಣದ ಸಾಮಾನು ಉದ್ದ ಹಿಡಿಯ ಕರಿ ಕೊಡೆ ಮತ್ತು ಬಾಳೆಲೆಯಲ್ಲಿ ಕಟ್ಟಿದ ಒಂದು ಚೆಂಡು ಮಲ್ಲಿಗೆ.

ಯಾತ್ರೆಯ ಉದ್ದೇಶ ಒಂದು ಕಲ್ಲು. ನನ್ನ ಶಾಲೆಯ ಗೆಳೆಯ, ಕ್ರಿಸ್ತುವರ ಲಾದ್ರು, ಕಳೆದ ವರ್ಷ ಗಲ್ಫಿನಲ್ಲಿ ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು. ಬಂಟ್ವಾಳದ ಅವನ ಮನೆ ಎಂದೋ ಮಾರಿಹೋಗಿತ್ತು. ಹೆಂಡತಿ ಮಕ್ಕಳ ತಾಪತ್ರಯವನ್ನು ಅವನು ಹಚ್ಚಿಕೊಂಡಿರಲಿಲ್ಲ. ನಮ್ಮಲ್ಲಿ ಒಬ್ಬ ಸತ್ತರೆ ಉತ್ತರಕ್ರಿಯೆಯ ಬೊಜ್ಜದ ದಿನ ಎಲೆಯ ಮುಂದೆ ಕುಳಿತು ಉಂಡು, ಪಾಯಸಕ್ಕೆ ಬೆಲ್ಲ ಕಡಿಮೆಯಾಯಿತೆಂದು ದೂರಿ, ಮನೆಗೆ ಬಂದ ಮೇಲೆಯೇ ಅವನು ಸತ್ತದ್ದು ಸ್ಥಿರವಾಗುವುದು. ಲಾದ್ರುವಿನ ಹೆಸರಿನಲ್ಲಿ ಊಟವೂ ಆಗಲಿಲ್ಲ, ಗೋರಿಯೂ ಇಲ್ಲಿಲ್ಲ. ಹೋಗಿ ನಿಲ್ಲಲು ನನಗೊಂದು ಜಾಗ ಬೇಕಿತ್ತು.

ಚೊಚ್ಚಲ ಮಗುವಾದ್ದರಿಂದ ಅವನು ಹುಟ್ಟಿದ್ದು ತಾಯಿಯ ತವರಿನಲ್ಲಿ, ಬೆಳುವಾಯಿಯಾಚೆಯ ಹಳ್ಳಿಯೊಂದರಲ್ಲಿ. ಜ್ಞಾನಸ್ನಾನ ಅಲ್ಲಿಯ ಇಗರ್ಜಿಯ ಹಳೇ ಕಲ್ಲುತೊಟ್ಟಿಯ ಬಳಿ. "ತಲೆಗೆ ನೀರು ಹೊಯ್ಯುವಾಗ ನಾನು ಕೂಗಿದ ಕೂಗಿಗೆ ಮಾಡಿನ ಬಾವಲಿಗಳೆಲ್ಲ ಎದ್ದು ಹೋದವಂತೆ ಮಾರಾಯ" ಎಂದು ಕೊಚ್ಚಿಕೊಳ್ಳುತ್ತಿದ್ದ. ಈ ಜಿಲ್ಲೆಯಲ್ಲಿ ಅವನದೆಂದು ಹೇಳಬಹುದಾದ ಕಲ್ಲು ಅದೊಂದೇ.

ಸಿದ್ಧಕಟ್ಟೆ ದಾಟುವವರೆಗೂ ಬಸ್ಸಿನ ಕಿಟಕಿಗಳಿಗೆ ಟರ್ಪಾಲು ಇಳಿಬಿಟ್ಟಿತ್ತು. ಹೀಗಾಗಿ ಓದುಗರು ನಿಸರ್ಗವರ್ಣನೆಯಿಂದ ಪಾರಾದರು. ಪಕ್ಕದ ಸೀಟಿನಲ್ಲಿ ಕೊಡೆಯನ್ನು ಕೂರಿಸಿದ್ದೆ. ಪರಿಚಯದ ಕಂಡಕ್ಟರ್ ಬಂದು, "ಕೊಡೆಗೂ ಒಂದು ಟಿಕೇಟು ಹರಿಯುವುದಾ ಶೆಟ್ರೇ?" ಎಂದ. ಇಳಿಸಿದೆ. ಆ ಸೀಟಿಗೆ ಮತ್ತೆ ಯಾರೂ ಬರಲಿಲ್ಲ.

ಶಾಲೆಗೆ ಹೋಗುವಾಗ ನಮ್ಮಿಬ್ಬರಿಗೂ ಒಂದೇ ಕೊಡೆ, ಅದು ನನ್ನದು. ಲಾದ್ರು ಜನ್ಮದಲ್ಲಿ ಕೊಡೆ ಕೊಂಡವನಲ್ಲ. ಗಲ್ಫಿಗೆ ಹೊರಟಾಗಲೂ ಅವನು ಕೊಟ್ಟ ಕಾರಣ "ಅಲ್ಲಿ ಕೊಡೆ ಬೇಡ" ಎಂಬುದೇ. ರಜೆಯಲ್ಲಿ ಬಂದಾಗಲೆಲ್ಲ ನನ್ನದನ್ನು ಕೊಂಡುಹೋಗಿ ಎಲ್ಲಾದರೂ ಬಿಟ್ಟುಬರುತ್ತಿದ್ದ.

ಮೂಡುಬಿದಿರೆಯಲ್ಲಿ ಬಸ್ಸು ಬದಲಿಸುವ ಮೊದಲು ಹೋಟೆಲಿಗೆ ಹೋದೆ. ಗೋಳಿಬಜೆ ಬಿಸಿಯಿತ್ತು. ಹೋಟೆಲಿಗೆ ನಾನು ಹೋಗುತ್ತಿದ್ದುದು ಲಾದ್ರುವಿನ ಜೊತೆಗೆ ಮಾತ್ರ. ಅಭ್ಯಾಸಬಲದಿಂದ "ಎರಡು ಚಾ" ಎಂದುಬಿಟ್ಟೆ. ಎರಡೂ ಬಂದವು. ಎರಡನ್ನೂ ಕುಡಿದೆ. ಎರಡನೆಯದು ಆರಿತ್ತು.

ಬೆಳುವಾಯಿಯಿಂದ ಮುಂದೆ ರಿಕ್ಷಾ. ಇಗರ್ಜಿಯ ಬಾಗಿಲಲ್ಲಿ ವಯಸ್ಸಾದ ಬಾಯಮ್ಮ ಒಬ್ಬರು ನೆಲ ಒರೆಸುತ್ತಿದ್ದರು.

"ಫಾದರ್ ಇಲ್ಲ. ಎಂತ ಆಗಬೇಕಿತ್ತು?"

"ಬಂಟ್ವಾಳದ ಶೆಟ್ಟಿ ನಾನು. ತೊಟ್ಟಿ ನೋಡಲು ಬಂದೆ."

"ನೀರಿನದ್ದಾ? ಹಿಂದೆ ಉಂಟು. ಮಳೆ ಸುರುವಾದಾಗಿಂದ ಸೋರ್ತದೆ, ಈಗ ಬಂದ್ರಾ ನೀವು!"

ನಾನು ಪ್ಲಂಬರ್ ಅಲ್ಲವೆಂದು ತಿಳಿದಾಗ ಅವರಿಗಾದ ನಿರಾಶೆ ಅಷ್ಟಿಷ್ಟಲ್ಲ.

ನನ್ನ ತೊಟ್ಟಿ ಬಾಗಿಲ ಎಡಕ್ಕೇ ಇತ್ತು. ಸೊಂಟದೆತ್ತರದ ಕರಿಗಲ್ಲು, ಬಾಯಿಯ ಸುತ್ತ ಹಗ್ಗ ಹೊಸೆದಂಥ ಕೆತ್ತನೆ, ಒಂದು ಕಡೆ ಚಕ್ಕೆ ಹಾರಿದ ಗುರುತು. ಅದರೊಳಗೆ ನಾಲ್ಕಾರು ಕೊಡೆಗಳು ತಲೆಕೆಳಗಾಗಿ ನಿಂತಿದ್ದವು.

"ಮಕ್ಕಳಿಗೆ ಈಗ ಮುಂದೆ ಮಾರ್ಬಲಿನದ್ದು ಉಂಟು," ಎಂದರು ಬಾಯಮ್ಮ. "ಇದರ ತಳದಲ್ಲಿ ತೂತು ಉಂಟಲ್ಲ, ಕೊಡೆಯ ನೀರು ಸೀದಾ ಮಣ್ಣಿಗೆ ಇಳೀತದೆ. ನೆಲ ಒರೆಸುವವಳಿಗೆ ಇದೇ ದೊಡ್ಡ ಉಪಕಾರ. ಇವೆಲ್ಲ ಆದಿತ್ಯವಾರ ಪೂಜೆಗೆ ಬಂದವರು ಮರೆತುಹೋದವು."

ನಾನು ಬಾಳೆಲೆ ಬಿಚ್ಚಿದೆ. ಯಾರಿಗೆಂದು ಕೇಳಿದರು. ಸತ್ತ ಗೆಳೆಯನಿಗೆ ಎಂದೆ.

"ಇಲ್ಲಿ ಬೇಡ ಶೆಟ್ರೇ. ಇದು ಹುಟ್ಟಿದವರ ಜಾಗ. ಸತ್ತವರದ್ದು ಹಿಂದೆ ಗುಡ್ಡೆಯಲ್ಲಿ."

"ಅಲ್ಲಿ ಅವನಿಲ್ಲ."

"ಮತ್ತೆ ಎಲ್ಲಿ?"

ಹೇಳಿದೆ. ತವರಿನ ಮನೆಯ ಹೆಸರನ್ನೂ ಹೇಳಿದೆ. ಅವರು ಬಟ್ಟೆ ಹಿಂಡುವುದನ್ನು ನಿಲ್ಲಿಸಿದರು. "ಆ ಮನೆಯವರು ಈಗ ಯಾರೂ ಇಲ್ಲ ಇಲ್ಲಿ," ಎಂದರು. ಆಮೇಲೆ ಕೈ ಒರೆಸಿಕೊಂಡು, "ಕೊಡಿ, ಹೂ ಮಾತೆಗೆ ಇಡುವ," ಎಂದು ಕೊಂಡುಹೋದರು.

ಕೈ ಖಾಲಿಯಾಯಿತು. ಕಲ್ಲಿನ ಅಂಚು ಮುಟ್ಟಿ ನಿಂತೆ, ತಣ್ಣಗಿತ್ತು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ಗಂಭೀರ ಭಾಷಣ ಕಟ್ಟಿಕೊಂಡು ಬಂದಿದ್ದೆ. ಮೊದಲ ವಾಕ್ಯವೇ ನೆನಪಾಗಲಿಲ್ಲ. ಹೊರಗೆ ರಿಕ್ಷಾದವನು ಹಾರ್ನ್ ಹಾಕಿದ. ನನ್ನ ಕೊಡೆಯನ್ನು ಮಡಚಿ, ಪಟ್ಟಿ ಬಿಗಿದು, ಉಳಿದವುಗಳ ನಡುವೆ ನಿಲ್ಲಿಸಿದೆ. ಅದರ ತುದಿಯಿಂದ ನೀರು ಇಳಿದು ತೂತಿನ ಕಡೆ ಹೋಗುವುದನ್ನು ಸ್ವಲ್ಪ ಹೊತ್ತು ನೋಡಿ ಹೊರಟೆ.

ಮೂಡುಬಿದಿರೆಯಿಂದ ಮರಳುವಾಗ ಅದೇ ಬಸ್ಸು ಸಿಕ್ಕಿತು. ಕಂಡಕ್ಟರ್ ನನ್ನ ಒದ್ದೆ ಅಂಗಿ ನೋಡಿದ, ಪಕ್ಕದ ಸೀಟು ನೋಡಿದ.

"ಎಂತ ಶೆಟ್ರೇ, ಹೋಗುವಾಗ ಕೊಡೆ ಇತ್ತಲ್ಲ?"

"ಲಾದ್ರು ಕೊಂಡುಹೋದ," ಎಂದೆ.