ಎಡಗಡೆಯ ಓಣಿಗಳು

ತಂಗಿ ಕೆಲಸ ಮಾಡುವ ವಿಡಿಯೋ ಗೇಮ್ ಕಂಪನಿ ಅತ್ತಾವರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕಳೆದ ವರ್ಷ ಅವಳು ಒಂದು ಶೂಟಿಂಗ್ ಗೇಮ್‌ಗೆ ನಮ್ಮೂರಿನದೇ ಬಂದರ್ ಪ್ರದೇಶದ ನಕ್ಷೆ ಮಾಡಿದ್ದಳು. ಆಟಗಾರ ಯಾವ ಓಣಿಯಿಂದಲಾದರೂ ನುಗ್ಗಬಹುದು, ಯಾವ ಗೋದಾಮನ್ನಾದರೂ ಹತ್ತಬಹುದು ಎಂಬುದು ಅವಳ ಹೇಳಿಕೆ. ಹುಬ್ಬಳ್ಳಿಯಿಂದ ಹೊಸದಾಗಿ ಬಂದ ಮೇಲಧಿಕಾರಿಗೆ ಅದೆಲ್ಲ ಗೋಜಲು. ಒಂದೇ ದಾರಿ, ಸಾಲಾಗಿ ಶತ್ರುಗಳು, ಕೊನೆಗೊಂದು ದೊಡ್ಡ ಕಾಳಗ ಸಾಕು. ಹೊರಗಿನವರೊಬ್ಬರು ಆಡಿ ವರದಿ ಕೊಡಲಿ, ಆಮೇಲೆ ತೀರ್ಮಾನ ಎಂದಾಯಿತು. ನಕ್ಷೆ ಬಿದ್ದರೆ ಅವಳ ಎಂಟು ತಿಂಗಳ ದುಡಿಮೆಯೂ ಬೀಳುತ್ತಿತ್ತು. ಅವಳು ನನ್ನ ಹೆಸರು ಸೂಚಿಸಿದಳು. ನಾನು ಪತ್ರಕರ್ತ. ಪತ್ರಿಕೆಯವನು ಸ್ವಂತ ತಂಗಿಯನ್ನೂ ಬಿಡುವುದಿಲ್ಲ ಎಂದು ಮೇಲಧಿಕಾರಿ ಒಪ್ಪಿದ.

‘ಎಲ್ಲಿ ಬೇಕಾದರೂ ಹೋಗಬಹುದು’ ಎಂಬ ಮಾತು ಕೇಳಿದಾಗಲೇ ನನಗೆ ಅನುಮಾನ ಬಂದಿತ್ತು. ನೋಟ್‌ಬುಕ್ ಪಕ್ಕದಲ್ಲಿಟ್ಟು ಆರು ಸಲ ಆಡಿದೆ. ಆರೂ ಸಲ ಮೀನು ಮಾರುಕಟ್ಟೆಯ ಹಿಂದೆ, ಅದೇ ಗೋದಾಮಿನ ಬಾಗಿಲಲ್ಲಿ, ಅದೇ ಬಂದೂಕುಧಾರಿ ಎದುರಾದ. ಇದು ತೆರೆದ ಲೋಕದ ವೇಷ ತೊಟ್ಟ ಒಂದೇ ದಾರಿ ಎಂದು ಬರೆದು ಮೇಲಧಿಕಾರಿಗೆ ಕಳುಹಿಸಿದೆ. ತಂಗಿಗೆ ತೋರಿಸಲಿಲ್ಲ.

ಮರುದಿನ ಅವಳು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು.

“ಅಣ್ಣಾ, ನಿನ್ನ ಪೇಪರಲ್ಲಿ ಒಬ್ಬರ ಮೇಲೆ ಬರೆಯುವ ಮೊದಲು ಅವರಿಗೆ ಫೋನ್ ಮಾಡುದಿಲ್ವಾ?”

“ಮಾಡ್ತೇವೆ.”

“ನನಗೆ ಎಂತ, ನೆಟ್‌ವರ್ಕ್ ಸಿಗ್ಲಿಲ್ವಾ?”

ನಾನು ಆಟದಲ್ಲಿ ನಡೆದ ಜಾಡು ಪರದೆಯ ಮೇಲೆ ಕೆಂಪು ಗೆರೆಯಾಗಿ ಮೂಡಿತ್ತು. ಆರು ಆಟ, ಒಂದೇ ಗೆರೆ. ಹನ್ನೊಂದು ಓಣಿಗಳಲ್ಲಿ ನಾನು ಹೊಕ್ಕಿದ್ದು ಎರಡು.

“ಎಡಕ್ಕೆ ಒಮ್ಮೆಯೂ ತಿರುಗಲಿಲ್ಲ ಮಾರಾಯ ನೀನು. ಯಾಕೆ?”

“ಅಲ್ಲಿ ಯಾವಾಗ್ಲೂ ಲಾರಿ ನಿಂತಿರ್ತದೆ.”

“ಗೇಮಲ್ಲಿ ಲಾರಿ ಎಲ್ಲಿ ಉಂಟು?”

ಇರಲಿಲ್ಲ. ದಿನಾ ಬೆಳಗ್ಗೆ ಮೀನು ತರಲು ಹೋಗುವ ದಾರಿಯಲ್ಲೇ ನಾನು ಆಟದಲ್ಲೂ ಬಂದೂಕು ಹಿಡಿದು ಹೋಗಿದ್ದೆ.

ಆದರೂ ಆ ಗೆರೆ ಎಳೆದದ್ದು ಅವಳದೇ ಕಂಪ್ಯೂಟರ್, ಹಾಗೇ ನಂಬುವಂತಿರಲಿಲ್ಲ. ಅವಳನ್ನು ಜಗಲಿಯಲ್ಲಿ ಕೂರಿಸಿ ಉಳಿದ ಒಂಬತ್ತು ಓಣಿಗಳನ್ನೂ ಹೊಕ್ಕು ನೋಡಿದೆ. ಎಲ್ಲವೂ ತೆರೆದಿದ್ದವು, ಒಂದರಿಂದ ಹೆಂಚಿನ ಮಾಡು ಹತ್ತಿ ಆ ಬಂದೂಕುಧಾರಿಯ ಬೆನ್ನ ಹಿಂದೆಯೇ ಇಳಿಯಬಹುದಿತ್ತು. ತಿದ್ದುಪಡಿ ಬರೆದು, ಅವಳಿಗೆ ಓದಿಸಿ, ಕಳುಹಿಸಿದೆ.

ಮೇಲಧಿಕಾರಿ ಫೋನ್ ಮಾಡಿದ. “ಮೊದಲನೇದು ತಪ್ಪಾದ್ರ ಎರಡನೇದು ಹೆಂಗ ನಂಬೂದ್ರಿ ಸರ? ತಂಗಿ ಅತ್ತಳೇನು?”

“ನಂಬಬೇಡಿ. ನೀವೇ ಆಡಿ ನೋಡಿ.”

ಅವನು ಆಡುವಾಗ ನಾವಿಬ್ಬರೂ ಕುರ್ಚಿಯ ಹಿಂದೆ ನಿಂತಿದ್ದೆವು. ಬಂದರ್ ಕಡೆ ಕಾಲೇ ಇಟ್ಟಿರದ ಅವನು ಮೊದಲ ತಿರುವಿನಲ್ಲೇ ಎಡಕ್ಕೆ ಹೋದ. ಆಮೇಲೆ ಮಾಡು ಹತ್ತಿದ, ಊಟಕ್ಕೂ ಏಳಲಿಲ್ಲ. ನಕ್ಷೆ ಉಳಿಯಿತು.

ಆ ತಿರುವು ಬರುವ ಹೊತ್ತಿಗೆ, ಅವನ ಎಡಗಡೆ ನಿಂತಿದ್ದ ತಂಗಿ ಒಮ್ಮೆ ಕೆಮ್ಮಿದ್ದಳು. ಅದು ಬರೀ ಕೆಮ್ಮೇ ಎಂಬುದನ್ನು ನಾನಿನ್ನೂ ಖಚಿತಪಡಿಸಿಕೊಂಡಿಲ್ಲ.