ಬಾಗಿಲು ದೂಡುವವರ ನಂಬರು

ಮಾತಾಡುತ್ತಿದ್ದ ಜಲಜಕ್ಕ ತಟಕ್ಕನೆ ಸುಮ್ಮನಾದರೆ ನಾವೂ ಸುಮ್ಮನಾಗಬೇಕು. ಸೆರಗಿನ ಗಂಟು ಬಿಚ್ಚಿ, ಬೆಲ್ಲದ ತುಂಡೊಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಕೂರುವರು. ಹಣೆಯ ಬೆವರು ಆರಿದ ಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುವರು.

ಕೋಟೇಶ್ವರದಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಅವರಿಗೆ ಎಳವೆಯಿಂದಲೇ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಒಮ್ಮೆ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಸಕ್ಕರೆ ಇಳಿದು, ಮೈ ನಡುಗಿ, ತೊದಲತೊಡಗಿದರು. ದೇವರು ಮೈಮೇಲೆ ಬಂತೆಂದು ಹೆಂಗಸರು ಸುತ್ತ ಕೈಮುಗಿದು ನಿಂತರಂತೆ.

"ನಾ ಸಾಯ್ತಾ ಇದ್ದೆ, ಅವ್ರ್ ಮಗಳ ಮದ್ವಿ ಯಾವಾಗ ಆತ್ತ್ ಅಂತ ಕೇಂತಿದ್ರ್ ಕಾಣ್!" ಎಂದು ನಗುತ್ತಿದ್ದರು. ಕೊನೆಗೆ ಸೋಡಾ ಅಂಗಡಿಯವನು ಶರಬತ್ತು ಕುಡಿಸಿ ಉಳಿಸಿದ.

ಆ ಹೆದರಿಕೆಯೇ ಮುಂದೆ ಕಂಪೆನಿಯಾಯಿತು. ಕಂಪ್ಯೂಟರ್ ಕಲಿತಿದ್ದ ಜಲಜಕ್ಕ ಮೊಬೈಲಿಗೊಂದು ಆ್ಯಪ್ ಮಾಡಿದರು. ಬೆಳಿಗ್ಗೆ ಅದು 'ಹುಷಾರಾ?' ಎಂದು ರೋಗಿಯನ್ನು ಕೇಳುವುದು; ಉತ್ತರ ಬಾರದಿದ್ದರೆ, ರೋಗಿ ಕೊಟ್ಟಿದ್ದ ಇನ್ನೊಂದು ನಂಬರಿಗೆ ಕರೆ ಹೋಗುವುದು. ಪರದೆ ನೋಡುತ್ತ ಕೂರುವ ಕೆಲಸ ನನ್ನದು. ಹುಡುಗಿ ಎನ್ನುವ ಸಲಿಗೆಯಲ್ಲಿ ಅವರು ನನ್ನನ್ನು 'ಹೆಣೆ' ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಬೈಂದೂರಿನ ಗಿರಿಜೆ ಉತ್ತರಿಸಲಿಲ್ಲ. ಅವಳು ಕೊಟ್ಟದ್ದು ಗಂಡನ ನಂಬರು. ಗಂಡ ಬೋಟಿನಲ್ಲಿ, ನಡುಗಡಲಲ್ಲಿ. ಎಷ್ಟು ಸಲ ಒತ್ತಿದರೂ ವ್ಯಾಪ್ತಿಯ ಹೊರಗೆ. ಮೀನುಗಾರರ ಮನೆಯ ಹೆಂಗಸರೆಲ್ಲ ಗಂಡನ ನಂಬರನ್ನೇ ಕೊಟ್ಟಿದ್ದಾರೆಂದು ಆಗ ಹೊಳೆಯಿತು. ಜಲಜಕ್ಕ ಪರದೆಗೆ ಬಾಗಿದರು.

"ಹೆಣೆ, ಬೈಂದೂರಿಗ್ ಹೋಪುಕೆ ಎಷ್ಟ್ ಹೊತ್ ಬೇಕ್?"

"ಅಷ್ಟೊತ್ತಿಗೆ..." ನಾನು ಗಿರಿಜೆಯ ಗಂಡನ ನಂಬರನ್ನೇ ಮತ್ತೆ ಒತ್ತಿದೆ.

ಅವರು ಅಲ್ಲಿ ಮೀನು ಮಾರುವ ಮುತ್ತಕ್ಕನಿಗೆ ಫೋನು ಹಚ್ಚಿ ಕಿರುಚಿದರು: "ಹ್ವಾಯ್ ಮುತ್ತಕ್ಕಾ, ಬುಟ್ಟಿ ಅಲ್ಲೇ ಬಿಡಿ! ಗಿರಿಜೆ ಮನಿಗ್ ಓಡಿ! ಬಾಗ್ಲ್ ತೆಗಿದೆ ಇದ್ರೆ ಒಡೀರಿ!"

ಮೊಬೈಲಿಗೆ ಕಿವಿಯೊತ್ತಿ ನಿಂತೆವು. ಏದುಸಿರು, ಚಪ್ಪಲಿಯ ಸಪ್ಪಳ, ಚಿಲಕ ಮುರಿದ ಸದ್ದು. ಬಹಳ ಹೊತ್ತಿನ ಮೇಲೆ ಮುತ್ತಕ್ಕನ ದನಿ: "ಒಸಡಿಗ್ ಸಕ್ರಿ ತಿಕ್ಕಿದೆ. ಕಣ್ ಬಿಟ್ಟಳ್. ನನ್ ಬಂಗ್ಡೆ ಎಲ್ಲ ಕಾಕಿ ತಿಂತ್ ಮಾರಾಯ್ತಿ!"

ಅಂದೇ ಎಲ್ಲರ ನಂಬರು ಬದಲಾಯಿತು. "ಗಂಡಂದ್ ಬೇಡ. ನಿಮ್ ಬಾಗ್ಲ್ ದೂಡುಕೆ ಯಾರ್ ಬತ್ರ್? ಅವ್ರದ್ ಕೊಡಿ" ಎಂದು ಜಲಜಕ್ಕ ಒಬ್ಬೊಬ್ಬರಿಗೂ ಹೇಳಿದರು. ತಮ್ಮದಕ್ಕೆ ನನ್ನ ನಂಬರು ಹಾಕಿಕೊಂಡರು.

ವರ್ಷಗಳ ಮೇಲೆ ಕಿಡ್ನಿ ಸೋತು, ಜಲಜಕ್ಕ ಬ್ರಹ್ಮಾವರದ ತಂಗಿಯ ಮನೆಗೆ ಹೊರಟರು. ಕಾರು ಹತ್ತುವ ಮೊದಲು ನನ್ನೆದುರೇ ನನ್ನ ನಂಬರು ಅಳಿಸಿ ತಂಗಿಯದನ್ನು ಹಾಕಿದರು.

"ನಂದೂ ಇರ್ಲಿ ಅಕ್ಕ."

"ಅಲ್ಲಿಗ್ ಓಡಿ ಬಪ್ಪುಕೆ ನಿನ್ಗ್ ಆತಿಲ್ಲೆ, ಹೆಣೆ. ಬೇಜಾರ್ ಮಾಡ್ಬೇಡ."

ಒಂದು ಬೆಳಿಗ್ಗೆ ಪರದೆಯಲ್ಲಿ ಜಲಜಕ್ಕನ ಉತ್ತರ ಬರಲಿಲ್ಲ. ಕರೆ ತಂಗಿಗೆ ಹೋಯಿತು; ಅವರು ಕೂಡಲೇ ಬಾಗಿಲು ದೂಡಿದರು. ಜಲಜಕ್ಕ ಆಗಲೇ ಹೋಗಿಯಾಗಿತ್ತು. ಆ ಸುದ್ದಿ ಬರುವವರೆಗೂ ಕೋಟೇಶ್ವರದಲ್ಲಿ ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ನಿಂತೇ ಇದ್ದೆ.