ಬೆಲ್ಲದ ಕೈ

ನಾನು ಕೆಲಸ ಮಾಡುವುದು ಮೈಸೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ. ಹಳ್ಳಿಗಳಲ್ಲಿ ಆರೋಗ್ಯ ಶಿಬಿರ ನಡೆಸುವ ಒಂದು ಸೇವಾಸಂಸ್ಥೆಗೆ ನಮ್ಮ ಕಂಪನಿ ಹಣ ಕೊಡುತ್ತದೆ. ಜೊತೆಗೆ ಶಿಬಿರದ ಕೆಲಸಕ್ಕೆಂದು ವರ್ಷಕ್ಕೆ ಎರಡು ದಿನ ನಮ್ಮಂಥ ನೌಕರರನ್ನೂ ಕಳಿಸುತ್ತದೆ. ಸುಳ್ಳೇಕೆ ಹೇಳಲಿ, ನಾನು ಹೆಸರು ಕೊಟ್ಟದ್ದು ಸೇವೆಯ ಹುಮ್ಮಸ್ಸಿನಿಂದಲ್ಲ. ಶನಿವಾರದ ಪಾಳಿ ತಪ್ಪುತ್ತದೆ, ಚುಂಚನಕಟ್ಟೆಯಲ್ಲಿ ನೀರು ಧುಮ್ಮಿಕ್ಕುವ ಕಾಲ, ವಾಪಸು ಬರುವಾಗ ನೋಡಿಕೊಂಡು ಬರಬಹುದು ಎಂಬ ಆಸೆ. ಅಷ್ಟೇ.

ಶಿಬಿರ ಇದ್ದದ್ದು ಚುಂಚನಕಟ್ಟೆಗೆ ಸ್ವಲ್ಪ ಮೊದಲೇ ಸಿಗುವ ಒಂದು ಹಳ್ಳಿಯ ಶಾಲೆಯಲ್ಲಿ. ನನ್ನನ್ನು ಸಕ್ಕರೆ ಪರೀಕ್ಷೆಯ ಮೇಜಿಗೆ ಕೂರಿಸಿದರು. ಬೆರಳು ಚುಚ್ಚಿ ಮೀಟರ್ ನೋಡುವುದನ್ನು ಹಿಂದಿನ ವಾರವೇ ಆಫೀಸಿನಲ್ಲಿ ಅರ್ಧ ದಿನ ಹೇಳಿಕೊಟ್ಟಿದ್ದರು. ಕಾರ್ಖಾನೆಯಲ್ಲಿ ದಿನವಿಡೀ ಅಳತೆ ನೋಡುವುದೇ ನನ್ನ ಕೆಲಸ, ಇದೇನು ಮಹಾ ಎಂದುಕೊಂಡಿದ್ದೆ. ಸಂಸ್ಥೆಯ ನರ್ಸ್ ಒಬ್ಬರು ಪಕ್ಕದಲ್ಲೇ ಇದ್ದರು.

ಬೆಳಿಗ್ಗೆ ಹತ್ತರ ಸುಮಾರಿಗೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಒಬ್ಬರು ಕೆಲಸದ ನಡುವೆಯೇ ಎದ್ದು ಬಂದರು. ಗಟ್ಟಿಮುಟ್ಟಾದ ಆಳು. ಮೀಟರ್ ಅಂಕಿಯನ್ನೇ ತೋರಿಸಲಿಲ್ಲ, ‘ಹೈ’ ಎಂದಿತು. ಯಂತ್ರದ ಅಳತೆಯನ್ನೂ ಮೀರಿದ ಸಕ್ಕರೆ ಎಂದರ್ಥ. ನಾನು ಎದ್ದು ನಿಂತು, ‘ಸಿಸ್ಟರ್, ಆಂಬ್ಯುಲೆನ್ಸ್!’ ಎಂದು ಶಾಲೆಗೆ ಶಾಲೆಯೇ ಕೇಳುವಂತೆ ಕೂಗಿದೆ. ನರ್ಸ್ ಆ ಮನುಷ್ಯನ ಕೈ ಮುಟ್ಟಿ ನೋಡಿದರು. ಅಂಟಂಟು. ನಲ್ಲಿಯ ಹತ್ತಿರ ಕರೆದೊಯ್ದು ಸೋಪು ಹಾಕಿ ತೊಳೆಸಿ, ಇನ್ನೊಂದು ಬೆರಳು ಚುಚ್ಚಿದರೆ ನೂರಾ ಹನ್ನೆರಡು.

‘ಬೆಲ್ಲದ್ ಕೈನೇ ಚುಚ್ಬುಟ್ಟಿದ್ದೀಯಲ್ಲವ್ವಾ’ ಎಂದು ಆತ ನಕ್ಕರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಮ್ಮ ಜೊತೆ ಬಂದಿದ್ದ ಎಚ್‌ಆರ್ ಸಾಹೇಬರಂತೂ ಊಟದ ತನಕ ನನ್ನನ್ನು ‘ಆಂಬ್ಯುಲೆನ್ಸ್ ಮೇಡಂ’ ಎಂದೇ ಕರೆದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಇನ್ನೊಂದು ಸಲ ನಗೆಪಾಟಲಾಗಬಾರದು ಎಂದು ಹಲ್ಲು ಕಚ್ಚಿಕೊಂಡು ಕೂತೆ. ಆಮೇಲೆ ಆದದ್ದಕ್ಕೆಲ್ಲ ಮೂಲ ಆ ಹಟವೇ.

ನರ್ಸ್ ಊಟಕ್ಕೆ ಹೋದಾಗ ಐವತ್ತು ದಾಟಿದ ಒಬ್ಬ ಹೆಂಗಸು ಬಂದು ಕೂತರು. ಹಸಿರು ಬಳೆ, ಬಲಗಾಲಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆ. ಚುಚ್ಚಿದೆ. ಮತ್ತೆ ‘ಹೈ’.

‘ಬೆಲ್ಲ ಮುಟ್ಟಿದ್ರಾ ಅಮ್ಮಾ?’ ಎಂದೆ.

‘ಊಂ ಕಣವ್ವ, ಬೆಲ್ಲದ್ ಕಾಪಿ ಕಾಯ್ಸಿಟ್ಟು ಬಂದೆ.’

ನನಗೆ ಗೆದ್ದಷ್ಟು ಖುಷಿ. ‘ಹಾಗಾದ್ರೆ ನಿಮಗೇನೂ ಇಲ್ಲ, ಬೆಲ್ಲ ಅಂಟಿದೆ. ಸೋಪ್ ಹಾಕಿ ಕೈ ತೊಳ್ಕೊಂಡು ಬನ್ನಿ’ ಎಂದೆ. ಶಾಲೆಯ ನಲ್ಲಿಯಲ್ಲಿ ಅಷ್ಟು ಹೊತ್ತಿಗೆ ನೀರು ನಿಂತಿತ್ತು. ‘ಮನೆ ಇಲ್ಲೇ ಅದೆ, ಬತ್ತೀನಿ ಬುಡು’ ಎಂದು ಎದ್ದು ಹೋದರು. ಮತ್ತೆ ಪರೀಕ್ಷೆ ಮಾಡುವುದು ಇದ್ದೇ ಇದೆಯಲ್ಲ ಎಂದು ನಾನು ಅವರ ಹೆಸರನ್ನೂ ಬರೆದುಕೊಳ್ಳಲಿಲ್ಲ.

ಮೂರೂವರೆಗೆ ಮೇಜು ಮಡಚುತ್ತಿದ್ದೆವು. ಫೋಟೋಗೆ ನಿಲ್ಲಿ ಎಂದು ಸಾಹೇಬರು ಬ್ಯಾನರ್ ಬಿಚ್ಚಿಸುತ್ತಿದ್ದರು. ಮೂಲೆಯಲ್ಲಿದ್ದ ಕುಡಿಯುವ ನೀರಿನ ಕೊಳಗವನ್ನು ಬಗ್ಗಿಸಿ ಚೆಲ್ಲಲು ಹೋದ ನಾನು ಹಾಗೇ ನಿಂತುಬಿಟ್ಟೆ. ಆ ಹೆಂಗಸು ಸಾಲಿನಲ್ಲಿದ್ದಾಗ ಇದೇ ಕೊಳಗದ ಹತ್ತಿರ ಮೂರು ಸಲ ಬಂದು ಲೋಟ ಲೋಟ ನೀರು ಕುಡಿದಿದ್ದರು. ಅದನ್ನು ನಾನು ನೋಡಿದ್ದೆ. ಕಾಲಿನ ಗಾಯವನ್ನೂ ನೋಡಿದ್ದೆ. ಅತಿಯಾದ ಬಾಯಾರಿಕೆ, ಮಾಯದ ಗಾಯ, ಇವೆರಡನ್ನೂ ತಪ್ಪದೆ ಕೇಳಿ ಎಂದು ತರಬೇತಿಯಲ್ಲಿ ಹೇಳಿದ್ದರು. ಅವರು ವಾಪಸು ಬಂದಿರಲಿಲ್ಲ.

ಊರಿನ ಆಶಾ ಕಾರ್ಯಕರ್ತೆಯನ್ನು ಹಿಡಿದುಕೊಂಡೆ. ಹೆಸರು ಗೊತ್ತಿಲ್ಲ, ಕಾಲಿಗೆ ಬಟ್ಟೆ ಕಟ್ಟಿದ್ದಾರೆ ಎಂದೆ. ‘ನಾಟಿ ಟೈಮು ಮೇಡಂ, ಅರ್ಧ ಊರಿನ್ ಕಾಲಲ್ಲಿ ಬಟ್ಟೆ ಅದೆ’ ಎಂದರು ಆಕೆ. ಆದರೂ ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿದರು. ಬೀದಿ ಬೀದಿ ಸುತ್ತಿದೆವು. ಒಂದೊಂದು ಮನೆಯಲ್ಲೂ ‘ಇಲ್ಲ’ ಎಂದಾಗ ಮುಂದಿನ ಬಾಗಿಲಿಗೆ ಓಡುತ್ತಿದ್ದೆ. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ, ನನ್ನ ಮಗುವಿಗೆ ಜ್ವರ ಏರಿದಾಗಲೂ ಆಗಿರಲಿಲ್ಲ. ಮಗುವಿನ ಜ್ವರ ನಾನು ತಂದದ್ದಾಗಿರಲಿಲ್ಲ. ಈ ಹೆಂಗಸನ್ನು ‘ಏನೂ ಇಲ್ಲ’ ಎಂದು ಮನೆಗೆ ಕಳಿಸಿದ್ದು ನನ್ನ ಬಾಯಿ.

ಕೊನೆಗೆ ಕೆರೆ ಕಡೆಯ ಬೀದಿಯ ಒಂದು ಜಗಲಿಯ ಮೇಲೆ ಆ ಹಸಿರು ಬಳೆ ಕಂಡಿತು. ಮಲಗಿದ್ದರು. ಮನೆಯವರೆಲ್ಲ ಗದ್ದೆಗೆ ಹೋಗಿದ್ದರು. ‘ಅಮ್ಮಾ, ಅಮ್ಮಾ’ ಎಂದು ಅಲ್ಲಾಡಿಸಿದೆ. ಕಣ್ಣು ಬಿಡುವುದಕ್ಕೆ ಎಷ್ಟೋ ಹೊತ್ತು ಹಿಡಿಯಿತು. ತುಟಿಗಳು ಒಣಗಿ ಅಂಟಿಕೊಂಡಿದ್ದವು.

‘ವಾಪಸ್ ಯಾಕ್ ಬರ್ಲಿಲ್ಲ ಅಮ್ಮಾ?’

‘ನನ್ಗೇನೂ ಇಲ್ಲ ಅಂದ್ಯಲ್ಲವ್ವಾ... ಇನ್ಯಾಕ್ ಬರ್ಲಿ? ಕೈ ತೊಳ್ಕಂಡಿವ್ನಿ, ನೋಡು.’ ಎರಡೂ ಕೈ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. ಸೋಪಿನ ವಾಸನೆ ಘಮ್ಮೆನ್ನುತ್ತಿತ್ತು.

ಆಶಾ ಕಾರ್ಯಕರ್ತೆ ಫೋನು ಮಾಡಿದ್ದಕ್ಕೆ ಓಡಿ ಬಂದ ನರ್ಸ್ ಅದೇ ತೊಳೆದ ಬೆರಳನ್ನು ಚುಚ್ಚಿದರು. ‘ಹೈ.’

ನಮ್ಮನ್ನು ಕರೆತಂದಿದ್ದ ಕಂಪನಿಯ ವ್ಯಾನಿನಲ್ಲೇ ಅವರನ್ನು ಮಲಗಿಸಿಕೊಂಡು ಕೆ.ಆರ್. ನಗರದ ಆಸ್ಪತ್ರೆಗೆ ಹೊರಟೆವು. ಸಾಹೇಬರು ಬ್ಯಾನರನ್ನು ಮಡಚಿ ಆ ಹೆಂಗಸಿನ ತಲೆಯಡಿ ಇಟ್ಟರು. ದಾರಿಯುದ್ದಕ್ಕೂ ನಾನು ಅವರ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದೆ. ಒಂದೊಂದು ಉಸಿರಿಗೂ ಮುಂದಿನದು ಬರುತ್ತದೋ ಇಲ್ಲವೋ ಎಂದು ಹೆದರಿ ಸಾಯುತ್ತಿದ್ದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಅಲ್ಲಿಂದ ಮೈಸೂರಿಗೆ ಕಳಿಸಿದರು.

ಜೀವ ಉಳಿಯಿತು. ಹೆಬ್ಬೆರಳು ಹೋಯಿತು.

ಇನ್ನು ಶಿಬಿರದ ಸಹವಾಸವೇ ಬೇಡ ಎಂದುಕೊಂಡಿದ್ದೆ. ಆದರೆ ಮುಂದಿನ ಸಲವೂ ಅದೇ ಊರಿಗೆ ಹೋದೆ. ಹೋಗದಿದ್ದರೆ ಭಯ ಇನ್ನೂ ಜಾಸ್ತಿ ಎಂದು ಗೊತ್ತಾಗಿತ್ತು. ಮೇಜಿನ ಪಕ್ಕದಲ್ಲಿ ಬಕೆಟ್ಟು, ಸೋಪು, ಟವಲ್ಲು ಇಟ್ಟುಕೊಂಡು ಬಂದವರ ಕೈಯನ್ನೆಲ್ಲ ನಾನೇ ತೊಳೆಯಲು ಕೂತೆ. ‘ಮದುವೆ ಮನೇಲೂ ಇಷ್ಟ್ ಉಪಚಾರ ಇಲ್ಲ ಕಣ್ಲಾ’ ಎಂದು ಸಾಲಿನಲ್ಲಿ ಯಾರೋ ತಮಾಷೆ ಮಾಡಿದರು.

ಆ ಸಾಲಿನಲ್ಲಿ ಆ ಹಸಿರು ಬಳೆಯ ಹೆಂಗಸೂ ಕುಂಟುತ್ತಾ ಬಂದರು. ಕೈ ತೊಳೆದು ಒರೆಸಿದೆ. ಅವರು ಬೆರಳು ಚಾಚಿ, ದನಿ ತಗ್ಗಿಸಿ ಹೇಳಿದರು:

‘ಈ ಸತಿ ಏನೂ ಇಲ್ಲ ಅಂತ ಕಳ್ಸ್‌ಬ್ಯಾಡ ಕಣವ್ವ. ಸರ್ಯಾಗ್ ನೋಡು.’

ಎರಡು ಸಲ ಪ್ರಯತ್ನಿಸಿದರೂ ಸೂಜಿ ಬೆರಳಿನ ಮೇಲೆ ನಿಲ್ಲಲಿಲ್ಲ. ಕೊನೆಗೆ ಅವರೇ ನನ್ನ ಮಣಿಕಟ್ಟನ್ನು ಹಿಡಿದುಕೊಂಡು ಚುಚ್ಚಿಸಿಕೊಂಡರು.